ಪಾಪಮ್ಮಪ್ರಿಯ ರಾಗ

ಬಾಗಲೂರಿನ ಮುನೀಶ್‌ಗೆ ಹೊಸೂರಿನ ಕಾರ್ಖಾನೆಯಲ್ಲಿ ಕ್ವಾಲಿಟಿ ಚೆಕಿಂಗ್ ಕೆಲಸ. ಬಿಡಿಭಾಗದ ತೂತಿನಿಂದ ತೂತಿಗೆ ಅಂತರ ಕೂದಲೆಳೆಯಷ್ಟು ತಪ್ಪಿದರೂ ಮಾಲು ವಾಪಸ್. ಶನಿವಾರ ಸಂಜೆ ಆಂಜನೇಯನ ಗುಡಿಯ ಭಜನೆಗೆ ಹಾರ್ಮೋನಿಯಂ ನುಡಿಸುವವನೂ ಅವನೇ.

ಒಂದು ದಿನ ಫೋನಿನಲ್ಲಿ ಶ್ರುತಿ ಅಳೆಯುವ ಆ್ಯಪ್ ಹಾಕಿಕೊಂಡು ನೋಡಿದ. 'ರಿ' ಸ್ವರದಿಂದ 'ಗ'ಕ್ಕೆ ಇರುವ ಅಂತರದಲ್ಲಿ 'ಗ'ದಿಂದ 'ಮ'ಕ್ಕೆ ಅರ್ಧವೇ ಇದೆ! ಅವನಿಗೆ ಊಟ ಸೇರಲಿಲ್ಲ.

"ಇದನ್ನ ಯಾರೇ ಪಾಸ್ ಮಾಡಿದ್ದು?" ಎಂದು ಹೆಂಡತಿ ನಾಗವೇಣಿಯನ್ನು ಕೇಳಿದ.

"ನಾನಂತೂ ಅಲ್ಲಪ್ಪ," ಎಂದಳು ಅವಳು ಸಾರು ಬಡಿಸುತ್ತಾ.

ಭಾನುವಾರ ಹಾರ್ಮೋನಿಯಂ ಪೆಟ್ಟಿಗೆ ಬಿಚ್ಚಿ, ಒಳಗಿನ ಹಿತ್ತಾಳೆ ರೀಡುಗಳನ್ನು ಅರದಿಂದ ಉಜ್ಜಲು ಕೂತ. ಬುಡದಲ್ಲಿ ಉಜ್ಜಿದರೆ ಸ್ವರ ಇಳಿಯುತ್ತದೆ, ತುದಿಯಲ್ಲಿ ಉಜ್ಜಿದರೆ ಏರುತ್ತದೆ. ಸಂಜೆಯೊಳಗೆ ಸ ರಿ ಗ ಮ ಪ ದ ನಿ ಏಳೂ ಸಮಸಮ ದೂರದಲ್ಲಿ ನಿಂತವು. ಹೊಸ ರಾಗ ಹುಟ್ಟಿತೆಂದು ಅವನೇ ಚಪ್ಪಾಳೆ ಹೊಡೆದುಕೊಂಡ.

ಮುಂದಿನ ಶನಿವಾರ ಭಜನೆಯ ಯಜಮಾನರಾದ ದೊಡ್ಡವೆಂಕಟಪ್ಪ ಎತ್ತಿದ ಪದ ಮೊದಲ ಸಾಲಿಗೇ ಮುಗ್ಗರಿಸಿತು. ಹಿಂದಿದ್ದವರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು.

"ಏನ್ಲಾ ಮುನೀಶ, ಪೆಟ್ಟಿಗೆಗೆ ಶೀತ ಆಗೈತಾ?" ಎಂದರು ಯಜಮಾನರು.

"ಪೆಟ್ಟಿಗೆ ಕರೆಕ್ಟಾಗೈತೆ ಮಾವ. ಗ್ಯಾಪೆಲ್ಲಾ ಸಮ ಮಾಡಿವ್ನಿ. ನಿಮ್ ಗಂಟಲೇ ರಿಜೆಕ್ಟು."

ಅಷ್ಟರಲ್ಲಿ ಕಂಬದ ಹತ್ತಿರದಿಂದ ಒಂದು ದನಿ ಎದ್ದಿತು. ಪಾಪಮ್ಮ! ಅವಳ ಅಪಸ್ವರಕ್ಕೆ ಹೆದರಿ ಊರವರು ಇಪ್ಪತ್ತು ವರ್ಷದಿಂದ ಅವಳ ಬಾಯಿಗೆ ಕಡಲೇಬೇಳೆ ಪ್ರಸಾದ ಕೊಟ್ಟು ಕೂರಿಸಿದ್ದರು. ಈಗ ಅವಳ ಗಕಾರ ಪೆಟ್ಟಿಗೆಯ ಗಕಾರದ ಮೇಲೆ ಮುಚ್ಚಳದ ಹಾಗೆ ಕೂತಿತು. ನಿಷಾದವೂ ಅಷ್ಟೇ. ಮುನೀಶ್‌ಗೆ ಮೈ ಜುಮ್ಮೆಂದಿತು. ಅವನು ತಿದಿ ಒತ್ತಿದಷ್ಟೂ ಪಾಪಮ್ಮ ಹಾಡಿದಳು, ಒಂಬತ್ತು ಪದ.

"ಪರವಾಗಿಲ್ಲ ಕಣ್ಲಾ, ಈಗ ಸರಿಯಾಗಿ ನುಡಿಸ್ತಾ ಇದ್ದೀಯ," ಎಂದು ಬೆನ್ನು ತಟ್ಟಿದಳು.

ರೀಡು ಹಳೇ ಅಳತೆಗೆ ತರಬೇಕೆಂದು ದೊಡ್ಡವೆಂಕಟಪ್ಪ ಪಟ್ಟು ಹಿಡಿದರು. "ಪೆಟ್ಟಿಗೆ ಮುಟ್ಟಿದ್ರೆ ಕೈ ಮುರೀತೀನಿ," ಎಂದಳು ಪಾಪಮ್ಮ. ಕೊನೆಗೆ ಊರವರು ಮೊದಲ ಗಂಟೆ ಬರೀ ತಾಳದ ಮೇಲೆ ಹಾಡುವುದು, ಆಮೇಲೆ ಪೆಟ್ಟಿಗೆ ಪಾಪಮ್ಮನಿಗೆ ಎಂದು ಒಪ್ಪಿಕೊಂಡರು. ಎರಡನೇ ಗಂಟೆಗೆ ಕೇಳುವವರು ಮೂವರು: ಮುನೀಶ್, ಆಂಜನೇಯ, ಮತ್ತು ಗಂಡನನ್ನು ಮನೆಗೆ ಕರೆದೊಯ್ಯಲು ಬಂದ ನಾಗವೇಣಿ.