ಅಂಕಲ್ ಕಾದ ಎರಡು ನಿಮಿಷ

ಅಂಕಲ್‌ರ ಮೊಣಕಾಲುಗಳ ಮೇಲೆ ನಾಣ್ಯದಷ್ಟಗಲ ಚರ್ಮ ಕಪ್ಪಾಗಿ ಜಡ್ಡುಗಟ್ಟಿತ್ತು. ಬ್ರಿಸ್ಬೇನಿನ ಸೆಖೆಗೆ ಅವರು ಕೆಲಸಕ್ಕೂ ಚಡ್ಡಿ ಹಾಕಿಕೊಂಡೇ ಬರುತ್ತಿದ್ದುದರಿಂದ ಅದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಮಂಗಳೂರಿನ ಸೆಮಿನರಿಯಲ್ಲಿ ಹದಿನಾಲ್ಕು ವರ್ಷ ಮಂಡಿಯೂರಿದ ಗುರುತು. ಅಲ್ಲಿ ಪಾದ್ರಿಯಾಗಿ ಮಧ್ಯಯುಗದ ತತ್ತ್ವಶಾಸ್ತ್ರ ಕಲಿಸುತ್ತಿದ್ದವರು ಎಲ್ಲ ಬಿಟ್ಟು ಬಂದು, ನಾನು ನರ್ಸಾಗಿದ್ದ ಇಪ್ಸ್‌ವಿಚ್ ಕಡೆಯ ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸಿ ಊಟ ಕೊಡುವ ಕೆಲಸ ಹಿಡಿದಿದ್ದರು.

ಇಬ್ಬರ ಮನೆಯೂ ರನ್‌ಕಾರ್ನ್ ಬಡಾವಣೆಯಲ್ಲಿ. ಅವರ ಹಳೇ ಕಾರಿನಲ್ಲೇ ನಾನೂ ಹೋಗಿಬರುತ್ತಿದ್ದೆ. ದಾರಿಯುದ್ದಕ್ಕೂ ಏಳುನೂರು ವರ್ಷದ ಹಿಂದಿನ ಜಗಳ ಹೇಳುತ್ತಿದ್ದರು.

"ಬುದ್ಧಿ ಇದು ಒಳ್ಳೇದು ಅಂತ ತೋರಿಸಿದ್ರೆ ಮನಸ್ಸು ಅದನ್ನೇ ಹಿಡೀತದೆ ಅಂತ ಒಂದು ಪಂಗಡ. ಕಣ್ಣಾರೆ ಕಂಡ ಮೇಲೂ ಬೇಡ ಅನ್ಲಿಕ್ಕೆ ಮನಸ್ಸಿಗೆ ಆಗ್ತದೆ, ಇಲ್ಲದಿದ್ರೆ ಪಾಪ ಅಂತ ಹೇಳುವುದು ಯಾವುದಕ್ಕೆ ಅಂತ ಇನ್ನೊಂದು. ಎಲ್ಲ ಪಾದ್ರಿಗಳೇ ಮಾರಾಯ್ತಿ."

"ನೀವು ಯಾವ ಕಡೆ ಅಂಕಲ್?"

"ಇರು ಅಂತ ಬುದ್ಧಿ ಹೇಳ್ತಿತ್ತು. ನಾನು ಎದ್ದು ಬಂದೆ. ನೀನೇ ಹೇಳು."

ನಾನು ಮೈಸೂರಿನವಳು. ಏನೇ ಆದರೂ ಹಣೆಬರಹ ಎಂದು ಮುಗಿಸುವುದು ನನ್ನ ಅಭ್ಯಾಸ.

ಒಂದು ಮಧ್ಯಾಹ್ನ, ಊಟಕ್ಕೆ ಮೊದಲು, ಪಕ್ಕದ ಕೋಣೆಯವರಿಗೆ ಕೊಡಬೇಕಾದ ಇನ್ಸುಲಿನ್ನನ್ನು ಸಕ್ಕರೆ ಕಾಯಿಲೆಯೇ ಇಲ್ಲದ ಅಜ್ಜನೊಬ್ಬನಿಗೆ ಚುಚ್ಚಿಬಿಟ್ಟೆ. ಅರ್ಧ ಗಂಟೆ ಬಿಟ್ಟು ಅದೇ ಕೋಣೆಗೆ ಬಂದಾಗ ಔಷಧದ ಚೀಟಿಯ ಮೇಲಿನ ಹೆಸರು ಓದಿದೆ. ನನ್ನ ವೀಸಾ ಆ ಕೆಲಸದ ಮೇಲೆ ನಿಂತಿತ್ತು. ಇಲ್ಲೇ ಕಾಯಂ ನೆಲೆಸಲು ಪಿಆರ್ ಅರ್ಜಿ ಹಾಕಿ ಕಾಯುತ್ತಿದ್ದೆ. ಅಷ್ಟರಲ್ಲಿ ಅಂಕಲ್ ಊಟದ ಗಾಡಿ ತಳ್ಳಿಕೊಂಡು ಒಳಗೆ ಬಂದರು.

"ಅಂಕಲ್, ತಪ್ಪಿ ಇವ್ರಿಗೆ ಇನ್ಸುಲಿನ್ ಕೊಟ್ಬಿಟ್ಟೆ. ಯಾರಿಗೂ ಹೇಳ್ಬೇಡಿ. ಜ್ಯೂಸ್ ಕುಡಿಸಿ ಶುಗರ್ ನಾನೇ ನೋಡ್ತಾ ಇರ್ತೀನಿ. ಏನೂ ಆಗಲ್ಲ."

ಅವರು ತಕ್ಷಣ ಅಜ್ಜನ ಬಾಯಿಗೆ ಜ್ಯೂಸ್ ಲೋಟ ಹಿಡಿದರು. ನನ್ನನ್ನೇ ನೋಡುತ್ತಿದ್ದರು. ಅಜ್ಜನ ಹಣೆಯಲ್ಲಿ ಬೆವರು ಮೂಡಿತು.

"ನನ್ನ ಹಣೆಬರಹ ಅಂಕಲ್."

"ಅಲ್ಲ. ಬಾಗಿಲು ಅಲ್ಲುಂಟು. ಹೋಗ್ಲಿಕ್ಕೂ ಆಗ್ತದೆ ನಿಂಗೆ, ನಿಲ್ಲಲಿಕ್ಕೂ ಆಗ್ತದೆ."

ಅಜ್ಜನ ಕೈ ನಡುಗತೊಡಗಿತು. ಲೋಟದಿಂದ ಜ್ಯೂಸ್ ಅವನ ಎದೆಯ ಮೇಲೆ ಚೆಲ್ಲಿತು. ನಾನು ಓಡಿಹೋಗಿ ಮ್ಯಾನೇಜರಿಗೆ ಎಲ್ಲ ಹೇಳಿದೆ. ಆಂಬುಲೆನ್ಸ್ ಬಂತು. ಎರಡು ದಿನಕ್ಕೆ ಅಜ್ಜ ಚೇತರಿಸಿಕೊಂಡು ವಾಪಸಾದ.

ಆ ಸಂಜೆ ಕಾರಿನಲ್ಲಿ ಕೇಳಿದೆ: "ನಾನು ಹೇಳದೇ ಇದ್ದಿದ್ರೆ ನೀವು ಹೇಳ್ತಿದ್ರಾ?"

"ಹೇಳ್ತಿದ್ದೆ. ಆದ್ರೆ ಕೂಡಲೇ ಹೇಳ್ಬೇಕಿತ್ತು. ನೀನೇ ಆರಿಸ್ಕೊಳ್ಳಲಿ ಅಂತ ಎರಡು ನಿಮಿಷ ಕಾದೆ. ದೇವರು ಕೆಟ್ಟದ್ದನ್ನು ಯಾಕೆ ತಡೆಯುವುದಿಲ್ಲ ಅಂತ ಹುಡುಗರು ಕೇಳುವಾಗ, ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿದ್ದಾನೆ ಅಂತ ಪಾಠ ಮಾಡ್ತಿದ್ದೆ. ನಾನು ದೇವರಲ್ಲ. ನಿನ್ನ ಸ್ವಾತಂತ್ರ್ಯಕ್ಕೆ ಆ ಅಜ್ಜನ ಜೀವ ಪಣಕ್ಕೆ ಒಡ್ಡಿದೆ."

ಮರುದಿನ, ಯಾರೂ ಕೇಳದೆಯೇ, ಅಂಕಲ್ ಅಷ್ಟನ್ನೂ ಮ್ಯಾನೇಜರಿಗೆ ಬರೆದು ಕೊಟ್ಟರು. ಆಶ್ರಮದವರು ನನ್ನನ್ನು ಕೆಲವು ತಿಂಗಳು ಔಷಧಿ ಕೊಡುವ ಕೆಲಸದಿಂದ ದೂರವಿಟ್ಟು ಮತ್ತೆ ತರಬೇತಿ ಕೊಟ್ಟರು. ಗೊತ್ತಿದ್ದೂ ಕಾದದ್ದಕ್ಕೆ ಅಂಕಲ್‌ರನ್ನು ಕೆಲಸದಿಂದ ತೆಗೆದರು.

ಅವರು ಅಡಿಲೇಡಿನಲ್ಲಿದ್ದ ತಂಗಿಯ ಮನೆಗೆ ಹೋಗಿ ಬೇಕರಿಯೊಂದು ಸೇರಿದರು. ಆರು ವರ್ಷ ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡುತ್ತಿದ್ದೆವು. ನನ್ನಿಂದ ನಿಮ್ಮ ಕೆಲಸ ಹೋಯ್ತು ಎಂದಾಗ, "ಅಷ್ಟು ದೊಡ್ಡವಳಲ್ಲ ನೀನು. ಬರೆದದ್ದು ನಾನು," ಎಂದು ನಕ್ಕಿದ್ದರು.

ಕಳೆದ ಚಳಿಗಾಲದಲ್ಲಿ ಹೃದಯಾಘಾತವಾಗಿ ತೀರಿಕೊಂಡರು. ಅಡಿಲೇಡಿಗೆ ಹೋದೆ. ಇಗರ್ಜಿಯ ಬಾಗಿಲಲ್ಲಿ ಅವರ ತಂಗಿ ನನ್ನ ಕೈ ಹಿಡಿದುಕೊಂಡರು. "ನಿಮ್ಮ ಬಗ್ಗೆ ಅಣ್ಣನಿಗೆ ಭಾರೀ ಹೆಮ್ಮೆ. ಯಾರೂ ತಳ್ಳದೆ ತಾನಾಗೇ ಹೋಗಿ ಹೇಳಿದ್ಲು ಅಂತ ಯಾವಾಗ್ಲೂ ಹೇಳ್ತಿದ್ದ."

ನಾನು ತಲೆಯಾಡಿಸಿದೆ. ಆ ಮಧ್ಯಾಹ್ನ ಅಂಕಲ್ ಕೈ ಗೋಡೆಯ ಮೇಲಿನ ತುರ್ತು ಬೆಲ್ಲಿನ ಕಡೆ ಏಳುವುದನ್ನು ಕಂಡ ಮೇಲೆಯೇ ನಾನು ಓಡಿದ್ದು. ಆರು ವರ್ಷದ ಭಾನುವಾರಗಳಲ್ಲಿ ಯಾವತ್ತಾದರೂ ಇದನ್ನು ಅವರಿಗೆ ಹೇಳಬಹುದಿತ್ತು. ಹೇಳಲಿಲ್ಲ.