ನಾಯಿ ನೀರು ಕುಡಿಯಿತೇ

ನಮ್ಮ ನಾಯಿ ಇದ್ದಕ್ಕಿದ್ದ ಹಾಗೆ ಬದಲಾಗಿದೆ, ಗುರ್ ಅನ್ನುತ್ತದೆ, ಹತ್ತಿರ ಸೇರಿಸುವುದಿಲ್ಲ ಎಂದು ನಾಯಿ ಸಾಕುವವರ ಈ ಗುಂಪಿನಲ್ಲಿ ಯಾರಾದರೂ ಬರೆದರೆ ಸಾಕು, ಕೆಳಗೆ ಉಪದೇಶಗಳ ಸಾಲು ನಿಲ್ಲುತ್ತದೆ. ಅದಕ್ಕೆ ಹೊಟ್ಟೆಕಿಚ್ಚು, ಅದಕ್ಕೆ ಹಟ, ನೀವು ಮುದ್ದು ಮಾಡಿದ್ದು ಹೆಚ್ಚಾಯಿತು, ಕಡಿಮೆಯಾಯಿತು. ನಾನು ಕೇಳುವುದು ಒಂದೇ. ಅದರ ಮೈ ನೋಡಿದಿರಾ? ಮೇಲೆ ಮೇಲೆ ಅಲ್ಲ, ಕೂದಲು ಸರಿಸಿ, ಚರ್ಮ ಕಾಣುವ ಹಾಗೆ? ಹಾಗೆ ಕೇಳುವುದಕ್ಕೆ ಕಾರಣವಿದೆ. ಹೇಳುತ್ತೇನೆ, ಆದರೆ ಇದು ಓದಿ ಹಗುರಾಗುವ ಕಥೆಯಲ್ಲ.

ಅರವತ್ತರ ದಶಕ. ನಮ್ಮ ಊರು ಹತ್ತಿಮತ್ತೂರು. ಮನೆಯಲ್ಲಿ ಅಪ್ಪ, ಅವ್ವ, ಅಕ್ಕ, ನಾನು. ಅಕ್ಕನಿಗೆ ಹಿರೇಕೆರೂರು ಕಡೆಯ ಒಂದು ಮನೆಯಲ್ಲಿ ಗಂಡು ಗೊತ್ತಾಗಿತ್ತು. ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ಮದುವೆ ಎಂದು ಮಾತಾಗಿತ್ತು. ಇವರಲ್ಲದೆ ಒಂದು ನಾಯಿ. ಹೆಸರಿರಲಿಲ್ಲ. ನಮ್ಮ ಕಡೆ ಆಗ ನಾಯಿಗೆ ಹೆಸರಿಡುವವರು ಕಡಿಮೆ. ಕುರ್ ಕುರ್ ಎಂದರೆ ಬರುತ್ತಿತ್ತು, ಹಚಾ ಎಂದರೆ ಹೋಗುತ್ತಿತ್ತು, ಅಷ್ಟು ಸಾಕಿತ್ತು. ಕುರಿಯವರು ನಮ್ಮ ಹೊಲದಲ್ಲಿ ಹಟ್ಟಿ ಹಾಕಿದಾಗ ಅವರಿಂದ ತಂದ ಮರಿ. ಕುರಿ ಕಾಯುವ ನಾಯಿಗಳ ಜಾತಿ, ಕೊರಳ ಸುತ್ತ ದಪ್ಪ ಕೂದಲು. ಅದು ಯಾರ ನಾಯಿ ಎಂದು ಕೇಳಿದರೆ ಅಪ್ಪ ತನ್ನದು ಎನ್ನುತ್ತಿದ್ದ, ಆದರೆ ಅದು ಅಕ್ಕನದು. ಮಜ್ಜಿಗೆಯಲ್ಲಿ ರೊಟ್ಟಿ ಮುರಿದು ಹಾಕುವವಳು ಅಕ್ಕ, ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತು ಉಣ್ಣಿ ಆರಿಸುವವಳೂ ಅಕ್ಕ.

ಮೊದಲು ಅದು ಊಟ ಬಿಟ್ಟಿತು. ರೊಟ್ಟಿಯ ಹತ್ತಿರ ಬರುತ್ತಿತ್ತು, ಮೂಸುತ್ತಿತ್ತು, ಹಿಂದೆ ಸರಿಯುತ್ತಿತ್ತು. ಆಮೇಲೆ ದನಿ ಒಡೆಯಿತು. ಓಣಿಯ ತುದಿಗೆ ಕೇಳುವ ಹಾಗೆ ಬೊಗಳುತ್ತಿದ್ದ ನಾಯಿ ಗಂಟಲು ಕಟ್ಟಿದವರ ಹಾಗೆ ಕೆಮ್ಮತೊಡಗಿತು. ಬಾಯಿಂದ ಜೊಲ್ಲು. ಕರೆದರೆ ಬರುವುದನ್ನು ಬಿಟ್ಟು ಬಣವೆಯ ಸಂದಿಯಲ್ಲಿ ಹೋಗಿ ಮಲಗುತ್ತಿತ್ತು. ಬಿಸಿಲು ಬೇರೆ ಏರುತ್ತಿತ್ತು. ಬಿಸಿಲು, ಜೊಲ್ಲು, ಒಡೆದ ದನಿ ಇವು ಮೂರೂ ಕೂಡಿದರೆ ನಮ್ಮ ಊರಿನವರಿಗೆ ಬೇರೆ ಏನೂ ಹೇಳಬೇಕಾಗಿರಲಿಲ್ಲ. ಎಲ್ಲರ ಮನಸ್ಸಿನಲ್ಲೂ ಒಂದೇ ಮಾತಿತ್ತು. ನಮ್ಮ ಮನೆಯಲ್ಲಿ ಮಾತ್ರ ಯಾರೂ ಅದನ್ನು ಬಾಯಿಗೆ ತರಲಿಲ್ಲ.

ಅಕ್ಕ ನಂಬಲಿಲ್ಲ. ಉಣ್ಣಿ ಹೆಚ್ಚಾಗಿರಬೇಕು ಎಂದು ಅದನ್ನು ಪುಸಲಾಯಿಸಿ ಕಟ್ಟೆಯ ಹತ್ತಿರ ತಂದು ಕೊರಳಿಗೆ ಕೈ ಹಾಕಿದಳು. ಕಚ್ಚಿಬಿಟ್ಟಿತು. ಬಳೆಯಿಂದ ಸ್ವಲ್ಪ ಮೇಲೆ, ಹಲ್ಲು ಇಳಿದು ರಕ್ತ ಬಂತು. ಕಚ್ಚಿದ ಮೇಲೆ ನಾಯಿಯೇ ಕುಂಯ್ಗುಡುತ್ತಾ ಓಡಿತು.

ಅವ್ವ ಅಕ್ಕನನ್ನು ಒಳಗೆ ಎಳೆದುಕೊಂಡು ಕದ ಹಾಕಿದಳು. ಗಾಯಕ್ಕೆ ಕೆಂಪು ಖಾರದ ಪುಡಿ ಒತ್ತಿದಳು. ಆಗ ಅದೇ ಮದ್ದು ಎಂದು ನಂಬಿಕೆ. ಇವತ್ತು ಯಾರಾದರೂ ಹಾಗೆ ಮಾಡಿದರೆ ನಾನೇ ಬಯ್ಯುತ್ತೇನೆ: ಸೋಪು ಹಚ್ಚಿ ಬಹಳ ಹೊತ್ತು ನೀರು ಬಿಟ್ಟು ತೊಳೆಯಿರಿ, ಆಸ್ಪತ್ರೆಗೆ ಓಡಿ. ಅಕ್ಕ ಚೀರಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಪಕ್ಕದ ಮನೆಗೆ ಕೇಳಬಾರದಲ್ಲ. ಯಾರಾದರೂ ಕೇಳಿದರೆ ಬಳೆ ಒಡೆದು ಚುಚ್ಚಿತು ಎನ್ನಬೇಕೆಂದು ಅವ್ವ ನನಗೂ ಕಲಿಸಿದಳು.

ಯಾಕೆಂದರೆ, ಹುಚ್ಚುನಾಯಿ ಕಚ್ಚಿದ ಹುಡುಗಿ ಎಂದು ಒಂದು ಮಾತು ಹಿರೇಕೆರೂರು ಕಡೆಗೆ ಹೋದರೆ ಮುಗಿಯಿತು. ಆ ಮನೆಯಷ್ಟೇ ಅಲ್ಲ, ಮತ್ತೆ ಯಾವ ಮನೆಯೂ ಬರುವುದಿಲ್ಲ. ಆರು ತಿಂಗಳಾದರೂ ವಿಷ ಏಳುತ್ತದಂತೆ, ವರ್ಷವಾದರೂ ಏಳುತ್ತದಂತೆ ಎಂದು ಜನ ಎಣಿಸುತ್ತಾ ಕೂರುತ್ತಾರೆ.

ಅಪ್ಪ ಸವಣೂರಿಗೆ ಹೋಗಿ ಪರಿಚಯದ ಕಂಪೌಂಡರ್ ಒಬ್ಬರನ್ನು ಕಂಡ. ಮಗಳಿಗೆ ಎನ್ನಲಿಲ್ಲ, ಹೊಲದ ಆಳಿಗೆ ಕಚ್ಚಿದೆ ಎಂದ. ಅವರು ಹೇಳಿದ್ದನ್ನು ಬಂದು ಅವ್ವನಿಗೆ ಹೇಳಿದ. ನಾಯಿಯನ್ನು ಕೊಲ್ಲಬಾರದು. ಕಟ್ಟಿ ಹಾಕಿ ನೋಡಬೇಕು. ಹತ್ತು ದಿನ ಅದು ಚೆನ್ನಾಗಿ ಬದುಕಿದ್ದರೆ ಭಯವಿಲ್ಲ. ಸತ್ತರೆ, ಇಲ್ಲವೇ ತಪ್ಪಿಸಿಕೊಂಡು ಹೋದರೆ ಹುಬ್ಬಳ್ಳಿಗೆ ಹೋಗಿ ದಿನಾ ಹೊಟ್ಟೆಗೆ ಸೂಜಿ ಹಾಕಿಸಿಕೊಳ್ಳಬೇಕು. ಕಾಯುವುದಕ್ಕಿಂತ ಈಗಲೇ ಆಳನ್ನು ಕಳಿಸುವುದು ಮೇಲು ಎಂದೂ ಹೇಳಿದ್ದರಂತೆ. ಆ ಕೊನೆಯ ಮಾತನ್ನು ಅಪ್ಪ ಮೆಲ್ಲಗೆ ಹೇಳಿದ.

ನಮ್ಮ ಮನೆಯ ಲೆಕ್ಕ ಉಲ್ಟಾ ಆದದ್ದು ಹೀಗೆ. ಊರಿಗೆಲ್ಲ ನಾಯಿ ಸಾಯಬೇಕಿತ್ತು. ನಮಗೆ ಅದು ಬದುಕಬೇಕಿತ್ತು.

ಅಪ್ಪ ದನ ಕಟ್ಟುವ ಹಗ್ಗಕ್ಕೆ ಉರುಳು ಮಾಡಿ ದೂರದಿಂದ ಎಸೆದ. ಉರುಳು ಕೊರಳಿಗೆ ಬಿದ್ದು ಬಿಗಿಯಾದಾಗ ಆ ನಾಯಿ ಹಾಕಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಗೋಡೆಯ ಆಚೆಯಿಂದ ಇಣುಕುತ್ತಿದ್ದ ಓಣಿಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಇದ್ದ ಒಂದಿಷ್ಟು ಅನುಮಾನವೂ ಅಲ್ಲಿಗೆ ಹೋಯಿತು. ಹಿತ್ತಲಿನ ಗೂಟಕ್ಕೆ ಅದನ್ನು ಕಟ್ಟಿದೆವು. ಮಣ್ಣಿನ ಪರಿಯಾಣದಲ್ಲಿ, ಎಂದರೆ ಅಗಲ ತಟ್ಟೆಯಲ್ಲಿ, ನೀರಿಟ್ಟು ಕೋಲಿನಿಂದ ದೂಡಿದರೆ ಬಾಯಿ ತಗ್ಗಿಸುತ್ತಿತ್ತು, ತಟ್ಟನೆ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ನೀರಿಗೆ ಹೆದರುತ್ತಿದೆ ಎಂದರು. ಇನ್ನೇನು ಬೇಕು?

ಇನ್ನೂ ಯಾಕೆ ಇಟ್ಟಿದ್ದೀರಿ ಎಂದು ಓಣಿಯವರು ಅಪ್ಪನನ್ನು ದಿನಾ ಕೇಳತೊಡಗಿದರು. ಮದುವೆ ಮನೆಯಲ್ಲಿ ಹೆಣ ಬೀಳಿಸಬಾರದು, ಅದಾಗೇ ಸಾಯಲಿ ಎಂದು ಅಪ್ಪ ನೆಪ ಹೇಳಿದ. ಒಪ್ಪಿದರು. ಎದುರು ಮನೆಯ ಮುದುಕ ಮಾತ್ರ ನಾವು ಹಾಲಿನಲ್ಲಿ ರೊಟ್ಟಿ ನೆನೆಸಿ ಇಡುವುದನ್ನು ನೋಡಿ ಚುಚ್ಚಿದ.

"ಹುಚ್ಚನಾಯಿಗೆ ಹಾಲು ರೊಟ್ಟಿ, ನಮಗ ಹಳಸಿದ ಅಂಬಲಿ. ಮುಂದಿನ ಜನ್ಮಕ್ಕ ನಿಮ್ಮ ಹಿತ್ತಲದಾಗ ಹುಟ್ಟತೇನಿ ತಗೋರಿ."

ಅಪ್ಪ ನಕ್ಕ. ನಗಬೇಕಲ್ಲ. ಓಣಿಯಲ್ಲಿ ಸಣ್ಣ ಮಕ್ಕಳಿದ್ದರು. ಅದಕ್ಕೇ ಅಪ್ಪ ಗಂಡಸರಿಗೆ ತಾನೇ ಒಂದು ಮಾತು ಹೇಳಿದ: ಅದೇನಾದರೂ ಹಗ್ಗ ಹರಿದುಕೊಂಡು ಹೊರಗೆ ಬಂದರೆ ನನ್ನನ್ನು ಕೇಳುತ್ತಾ ನಿಲ್ಲಬೇಡಿ. ಯಾರೇ ಆದರೂ ಹೇಳಬೇಕಾದ ಮಾತೇ ಅದು.

ಒಂದು ದಿನ ಅಪ್ಪ ಮದುವೆಯ ಸಾಮಾನಿಗೆ ಬಂಕಾಪುರಕ್ಕೆ ಹೋಗಿದ್ದ. ಅವ್ವ ಹಿತ್ತಲಲ್ಲಿ ಕುಳ್ಳು ತೆಗೆಯುತ್ತಿದ್ದವಳು ನಿಂತು ಮೂಗು ಹಿಗ್ಗಿಸಿದಳು. ನೊಗ ಉಜ್ಜಿ ಎತ್ತಿನ ಹೆಗಲು ಕೀವಾದಾಗ ಬರುವ ವಾಸನೆ. ಎತ್ತುಗಳು ಹೊಲದಲ್ಲಿದ್ದವು. ನಾಯಿಯ ಕೊರಳ ಸುತ್ತ ನೊಣ ಮುತ್ತಿದ್ದವು. ಹಗ್ಗ ಉಜ್ಜಿ ಗಾಯವಾಗಿರಬೇಕು ಎಂದುಕೊಂಡಳು. ಆದರೆ ಹೊಸ ಗಾಯ ಅಷ್ಟು ನಾರುವುದಿಲ್ಲ. ಅದು ಸೋತು ಮಲಗಿತ್ತು. ಅವ್ವ ಉದ್ದ ಕೋಲಿನಿಂದ ಕೂದಲು ಸರಿಸಿದಳು. ಕೀವಿನ ನಡುವೆ ಕರಿ ದಾರದ ಗಂಟೊಂದು ಕಂಡಿತು. ದಾರ ಕಾಣಲಿಲ್ಲ, ಬರೀ ಗಂಟು. ದಾರ ಮಾಂಸದ ಒಳಗೆ ಹೋಗಿತ್ತು.

ಅವ್ವ ಅಲ್ಲೇ ಕುಕ್ಕರಿಸಿದಳು. ಆ ದಾರ ಯಾವುದು ಎಂದು ಅವಳಿಗೆ ಗೊತ್ತಾಯಿತು. ಮರಿ ತಂದಾಗ ಅಪ್ಪನ ಅವ್ವ, ನಮ್ಮ ಅಜ್ಜಿ, ಇದ್ದಳು. ಅದರ ಒಡಹುಟ್ಟಿದ ಮರಿಗಳೆಲ್ಲ ಸತ್ತಿದ್ದವು. ಇದಾದರೂ ಉಳಿಯಲಿ ಎಂದು ಅಜ್ಜಿ ಆಡಿನ ಕೂದಲು ಹೊಸೆದ ಕರಿ ದಾರವನ್ನು ಕುರಿಯವರ ಹೆಣ್ಣುಮಗಳಿಂದ ಬೇಡಿ ತಂದು ಕಟ್ಟಿದ್ದಳು. ಹಾಗೆ ಕಟ್ಟಿದ ದಾರಕ್ಕೆ ಕಬ್ಬಿಣ ಮುಟ್ಟಿಸಬಾರದು. ತಾನಾಗಿ ಸವೆದು ಬೀಳಬೇಕು. ಮಕ್ಕಳ ಕೈಗೆ, ಕರುವಿನ ಕೊರಳಿಗೆ ಕಟ್ಟುವ ನೂಲಿನ ದಾರ ಬೀಳುತ್ತದೆ. ಆಡಿನ ಕೂದಲು ಬೀಳುವುದಿಲ್ಲ. ಅಜ್ಜಿ ಸತ್ತಳು, ನಾಯಿ ಬೆಳೆಯಿತು, ಉಣ್ಣಿ ಆರಿಸುವ ಅಕ್ಕನ ಬೆರಳಿಗೂ ಸಿಗದಷ್ಟು ಕೊರಳ ಮೇಲೆ ಕೂದಲು ದಟ್ಟವಾಯಿತು, ದಾರ ಎಲ್ಲರಿಗೂ ಮರೆತುಹೋಯಿತು. ದಾರ ಮಾತ್ರ ಬೆಳೆಯಲಿಲ್ಲ.

ಊಟ ಬಿಟ್ಟದ್ದು, ದನಿ ಒಡೆದದ್ದು, ನೀರಿನಿಂದ ತಲೆ ಎಳೆದುಕೊಂಡದ್ದು, ಕೊರಳಿಗೆ ಕೈ ಹಾಕಿದಾಗ ಕಚ್ಚಿದ್ದು ಎಲ್ಲಕ್ಕೂ ಈಗ ಒಂದು ಅರ್ಥ ಬಂತು. ಬಂತು ಎಂದು ಅವ್ವ ಅಂದುಕೊಂಡಳು. ಅಪ್ಪ ಇದ್ದಿದ್ದರೆ ತನ್ನ ತಾಯಿ ಕಟ್ಟಿದ್ದಕ್ಕೆ ಕತ್ತರಿ ಹಾಕಲು ಹಿಂದೆ ಮುಂದೆ ನೋಡುತ್ತಿದ್ದ. ಅವ್ವ ನೋಡಲಿಲ್ಲ. ಕುಪ್ಪಸ ಕತ್ತರಿಸುವ ಕತ್ತರಿ ತಂದಳು. ಗೋಣಿತಾಟು ಮುಚ್ಚಿ ಯಾರಾದರೂ ತಲೆ ಒತ್ತಿ ಹಿಡಿಯಬೇಕಿತ್ತು. ನಾನು ಮುಂದೆ ಹೋದೆ. ಅಕ್ಕ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು.

"ನೀ ಸರಿ. ನನಗ ಹೆಂಗೂ ಕಡದೈತಿ. ನಾನ ಹಿಡಿತೇನಿ."

ಅವ್ವ ನನ್ನನ್ನು ಮುಂಬಾಗಿಲಿಗೆ ಕಳಿಸಿದಳು, ಯಾರಾದರೂ ಬಂದರೆ ಮಾತಾಡಿಸುತ್ತಾ ನಿಲ್ಲಿಸು ಎಂದು. ಹಾಗಾಗಿ ದಾರ ಕತ್ತರಿಸಿದ್ದನ್ನು ನಾನು ನೋಡಲಿಲ್ಲ. ನಾಯಿಯ ಕೂಗು ಕೇಳಿದೆ, ಆಮೇಲೆ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕ ಒಳಗೆ ಬಂದಳು. ಸೀರೆಯ ಮೇಲೆಲ್ಲ ಕೀವು, ರಕ್ತ. ಬಚ್ಚಲಿಗೆ ಹೋದಳು. ಹೋಗುವಾಗ ನನ್ನ ಕಡೆ ನೋಡಿ ನಕ್ಕಳು. ಕಚ್ಚಿಸಿಕೊಂಡ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಅವಳು ಬಚ್ಚಲಿನಲ್ಲಿದ್ದಾಗಲೇ ಓಣಿಯಲ್ಲಿ ಗದ್ದಲ ಎದ್ದಿತು. ಹಗ್ಗ ಮತ್ತೆ ಗಾಯಕ್ಕೆ ಒತ್ತೀತು ಎಂದು ಅವ್ವ ಅದನ್ನು ಬಿಚ್ಚಿಟ್ಟಿದ್ದಳು. ಎಣ್ಣೆ ಅರಿಶಿನ ತರಲು ಒಳಗೆ ಬಂದಿದ್ದಳು. ಹಿತ್ತಲ ಬಾಗಿಲು ಅರೆ ತೆರೆದಿತ್ತು. ನಾಯಿ ಮೆಲ್ಲಗೆ ಎದ್ದು, ಓಡಲೂ ಇಲ್ಲ, ತನ್ನ ಹಳೆಯ ಜಾಗಕ್ಕೆ, ನಮ್ಮ ಮುಂಬಾಗಿಲಿನ ಕಟ್ಟೆಗೆ ಬರಲು ಸುತ್ತಿ ಹೊರಟಿತ್ತು. ಕೊರಳ ತುಂಬಾ ರಕ್ತ. ಅಪ್ಪ ಹೇಳಿದ ಮಾತು ಓಣಿಯವರಿಗೆ ನೆನಪಿತ್ತು. ನಾನು ಬಾಗಿಲಿನಿಂದ ಇಳಿದು ಕೂಗುತ್ತಾ ಓಡುವಷ್ಟರಲ್ಲಿ ಕೊಡಲಿ ಕಾವು, ಬಡಿಗೆ ಎಲ್ಲ ಬಿದ್ದಾಗಿತ್ತು. ಹೊಡೆದವರು ಬೆವರು ಒರೆಸಿಕೊಂಡು, ತಂಗಿ, ನಿಮಗ್ಯಾರಿಗೂ ಏನೂ ಆಗಿಲ್ಲಲ್ಲ ಎಂದು ಕೇಳಿದರು. ಒಳ್ಳೆಯ ಜನ. ಅವರ ಮೇಲೆ ನನಗೆ ಯಾವತ್ತೂ ಸಿಟ್ಟು ಬರಲಿಲ್ಲ. ಬರಬಾರದು ಕೂಡ.

ಸಂಜೆ ಅಪ್ಪ ಬಂದ. ಹೊಸ ಬಟ್ಟೆಯ ಗಂಟನ್ನು ಬಾಗಿಲಲ್ಲೇ ಇಟ್ಟು ಎಲ್ಲ ಕೇಳಿದ. ಅವ್ವ ಕತ್ತರಿಸಿದ ದಾರ ತೋರಿಸಿದಳು. ಅಪ್ಪ ಅದನ್ನು ಮುಟ್ಟಲಿಲ್ಲ. ದಾರ ಇತ್ತು ಎಂದ ಮಾತ್ರಕ್ಕೆ ಹುಚ್ಚು ಇರಲಿಲ್ಲ ಎಂದು ಹೇಗೆ ಹೇಳುವುದು ಎಂದು ಕೇಳಿದ. ಎರಡೂ ಇದ್ದಿರಬಹುದಲ್ಲ. ಹತ್ತು ದಿನ ತುಂಬಿರಲಿಲ್ಲ. ಈಗ ಹುಬ್ಬಳ್ಳಿಗೇ ಹೋಗಬೇಕು, ಮದುವೆ ಮುಂದೆ ಹಾಕಬೇಕು, ಯಾಕೆ ಎಂದು ಬೀಗರಿಗೆ ಹೇಳಬೇಕು. ಯಲವಿಗಿಯಲ್ಲಿ ಹುಬ್ಬಳ್ಳಿಯ ರೈಲು ಹತ್ತಿದರೆ ಸಾಕು, ಅರ್ಧ ಊರು ಜೊತೆಗೇ ಹತ್ತುತ್ತದೆ.

ಆಗ ಅವ್ವ ಹೇಳಿದಳು.

"ದಾರ ಬಿಚ್ಚಿದ ಮ್ಯಾಲೆ ನೀರು ಕುಡೀತ್ರಿ ಅದು. ನಾ ಕಣ್ಣಾರೆ ನೋಡೇನಿ."

ನೀರಿಗೆ ಹೆದರದ ನಾಯಿ ಹುಚ್ಚುನಾಯಿ ಅಲ್ಲ ಎಂಬುದು ಆಗ ಎಲ್ಲರ ನಂಬಿಕೆ. ಅದು ಅಷ್ಟು ಸರಳವಲ್ಲ ಎಂದು ನಾನು ತಿಳಿದದ್ದು ಬಹಳ ವರ್ಷಗಳ ಮೇಲೆ. ಅಪ್ಪ ಹಿತ್ತಲಿಗೆ ಹೋದ. ನಾನೂ ಹಿಂದೆ ಹೋದೆ. ಪರಿಯಾಣ ಖಾಲಿ ಇತ್ತು. ಪಕ್ಕದಲ್ಲಿ ಎಮ್ಮೆ ಕರು ಬಿಚ್ಚಿಕೊಂಡು ಅಡ್ಡಾಡುತ್ತಿತ್ತು. ಅಪ್ಪ ಕರುವನ್ನು ನೋಡಿದ, ಪರಿಯಾಣವನ್ನು ನೋಡಿದ. ನೀರು ಕುಡಿದದ್ದು ನಾಯಿಯೋ ಕರುವೋ. ಒಳಗೆ ಬಂದು ಅಕ್ಕನ ಮುಂದೆ ಕುಳಿತ.

"ನೀ ಏನಂತೀ ಯವ್ವಾ? ನೀ ಹ್ಞೂಂ ಅಂದ್ರ ನಾಳೇನ ಹುಬ್ಬಳ್ಳಿಗೆ ಹೋಗೂಣು. ಮದಿವಿ ಹಾಳಾಗಿ ಹೋಗ್ಲಿ."

ಅಕ್ಕ ಅವ್ವನ ಮುಖವನ್ನೇ ಬಹಳ ಹೊತ್ತು ನೋಡಿದಳು. ಅವ್ವ ಕಣ್ಣು ತಪ್ಪಿಸಲಿಲ್ಲ.

"ಅವ್ವ ನೋಡ್ಯಾಳಂತಲ್ಲ," ಎಂದಳು ಅಕ್ಕ. "ಸಾಕು ಬಿಡು."

ಮದುವೆ ಆಯಿತು. ಅಕ್ಕನಿಗೆ ಏನೂ ಆಗಲಿಲ್ಲ. ಇದನ್ನು ಓದಿ ಯಾರೂ ಧೈರ್ಯ ತೆಗೆದುಕೊಳ್ಳಬೇಡಿ. ಅದು ನಮ್ಮ ಜಾಣತನ ಅಲ್ಲ, ನಮ್ಮ ಪುಣ್ಯ.

ಎರಡು ಮಕ್ಕಳಾದ ಮೇಲೆ ಒಮ್ಮೆ ತವರಿಗೆ ಬಂದಾಗ ಅಕ್ಕ ನನ್ನ ಮುಂದೆ ಬಾಯಿ ಬಿಟ್ಟಳು. ಗಂಡನ ಮನೆಯಲ್ಲಿ ಮೊದಲ ವರ್ಷವೆಲ್ಲ, ಬೇರೆಯವರು ಏಳುವ ಮುಂಚೆ ಎದ್ದು ಒಂದು ತಂಬಿಗೆ ನೀರು ಕುಡಿದು ನೋಡುತ್ತಿದ್ದಳಂತೆ. ಗಂಟಲಲ್ಲಿ ಇಳಿದರೆ ಆಮೇಲೆ ಒಲೆ ಹಚ್ಚುವುದು. ಅತ್ತೆ ಇವಳದೊಂದು ನೇಮ ಎಂದು ತಿಳಿದು ಮೆಚ್ಚಿದ್ದಳಂತೆ. ಗಂಡನಿಗೆ ಹೇಳಿರಲಿಲ್ಲ.

ಅವ್ವ ಅಲ್ಲೇ ಅಕ್ಕಿ ಆರಿಸುತ್ತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಅಕ್ಕ ಅವಳ ಕಡೆ ತಿರುಗಿ ಅಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿದಳು.

"ಖರೇ ಹೇಳಬೇ. ಕುಡದಿತ್ತೇನು ಅದು?"

ಅವ್ವ ಮೊರದಿಂದ ಕಣ್ಣು ಎತ್ತಲಿಲ್ಲ.

"ಬಾಯಿ ಹಚ್ಚಿತ್ತು," ಎಂದಳು. "ನಾ ಎಣ್ಣಿ ತರಾಕ ಒಳಗ ಬಂದೆ."

ಅಕ್ಕ ಅವ್ವನ ಪಕ್ಕಕ್ಕೆ ಸರಿದು ಕುಳಿತು, ಮೊರದ ಆಚೆ ತುದಿಯಿಂದ ತಾನೂ ಕಲ್ಲು ಆರಿಸತೊಡಗಿದಳು.