ತಾನೇ ನಿಂತಿತ್ತು

ಎದುರು ಮನೆಯ ಅಕ್ಕನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಯಾವಾಗಲೂ ಬೂದಿಯ ಬಣ್ಣದಲ್ಲಿರುತ್ತಿದ್ದವು. ನಮ್ಮ ದೊಡ್ಡಬಳ್ಳಾಪುರದಲ್ಲಿ ಮಗ್ಗಕ್ಕೆ ಹೊಸ ಹಾಸು ಏರಿಸುವಾಗ, ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಬೂದಿ ಮುಟ್ಟಿದ ಬೆರಳಿನಿಂದ ಹೊಸೆದು ಕೂಡಿಸುತ್ತಾರೆ. ಒಂದು ಹಾಸಿನಲ್ಲಿ ಸಾವಿರಾರು ಎಳೆ. ಬೆಳಿಗ್ಗೆಯೆಲ್ಲ ಅಕ್ಕನಿಗೆ ಅದೇ ಕೆಲಸ. ಮಧ್ಯಾಹ್ನ ಅದೇ ಬೆರಳುಗಳಿಂದ ನಮ್ಮ ಬೀದಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದಳು. ಅವಳು ಎದ್ದುಹೋದ ಮೇಲೆ ನನ್ನ ಮೌಸಿನ ಮೇಲೆ ಎರಡು ಬೂದು ಗುರುತು ಉಳಿಯುತ್ತಿದ್ದವು.

ನಾನು ಮನೆಯಲ್ಲೇ ಕೂತು ಸೀರೆಯ ಅಂಚಿಗೆ ಡಿಸೈನ್ ಮಾಡುತ್ತೇನೆ. ಅಪ್ಪ ಚೌಕುಳಿ ಹಾಳೆಯ ಮೇಲೆ ಬರೆದಿಟ್ಟು ಹೋದ ಬಳ್ಳಿ, ಹಂಸ, ಮಾವಿನಕಾಯಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಂಡಿದ್ದೆ. ಹಾಳೆಗಳನ್ನು ಆಮೇಲೆ ಗೆದ್ದಲು ತಿಂದಿತು. ಕಂಪ್ಯೂಟರಿನಲ್ಲಿದ್ದವೂ ಹೋದರೆ ಅಪ್ಪನ ಕೈಗೆಲಸ ಇನ್ನೆಲ್ಲೂ ಉಳಿಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅವುಗಳ ನಕಲು ಪಕ್ಕದ ಪುಟ್ಟ ಡಿಸ್ಕಿಗೆ ತಾನಾಗಿ ಹೋಗುವಂತೆ ಅಕ್ಕನೇ ಮಾಡಿಕೊಟ್ಟಿದ್ದಳು.

ಒಂದು ವರ್ಷ ಕಂಪ್ಯೂಟರು ಏಳುವಷ್ಟರಲ್ಲಿ ಕಾಫಿ ಆರಿಹೋಗತೊಡಗಿತು. ಅಕ್ಕ ಬಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು. ಬೀದಿಯ ಮಗ್ಗಗಳ ಸದ್ದು ನೆಲದೊಳಗಿಂದ ಹರಿದು ಬರುತ್ತಿತ್ತು. ಅದರಲ್ಲಿ ಈ ಯಂತ್ರದ ಗುಂಯ್ ಯಾವುದು, ಮಗ್ಗದ್ದು ಯಾವುದು ನನಗೆ ತಿಳಿಯಲಿಲ್ಲ. ಆಮೇಲೆ ಅವಳು ಒಂದು ಪಟ್ಟಿ ತೆರೆದಳು. ಯಂತ್ರದ ಜೊತೆಗೇ ಎದ್ದು, ಪರದೆಯ ಮೇಲೆ ಕಾಣಿಸಿಕೊಳ್ಳದೆ, ಹಿಂದೆಯೇ ದುಡಿಯುವ ಕೆಲಸಗಳೆಲ್ಲ ಅಲ್ಲಿದ್ದವು. ನಾವು ಎಂದೋ ಮಾರಿದ ಪ್ರಿಂಟರಿಗಾಗಿ ಕಾಯುತ್ತ ಕೂತದ್ದೂ ಒಂದಿತ್ತು.

"ಪಾಪ, ಅದಕ್ಕೆ ಯಾರೂ ಹೇಳೇ ಇಲ್ಲ ಕಣಮ್ಮಿ" ಅಂದಳು.

ದಿನಕ್ಕೆ ಒಂದನ್ನು ಮಾತ್ರ ನಿಲ್ಲಿಸುತ್ತಿದ್ದಳು. ನಿಲ್ಲಿಸುವ ಮೊದಲು ಅದರ ಹೆಸರು, ಅದರ ಕೆಲಸ, ಅದು ಮುಂಚೆ ಹೇಗಿತ್ತು ಎಂಬುದನ್ನು ಉದ್ದನೆಯ ನೋಟುಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತಿದ್ದಳು. ಎಲ್ಲವನ್ನೂ ಒಂದೇ ಸಲ ಮಾಡಿಬಿಡು ಎಂದು ನಾನು ಗೋಗರೆದೆ.

"ಐದು ಎಳೆ ಒಟ್ಟಿಗೆ ಕಿತ್ರೆ ಯಾವ್ದು ಯಾವ್ದಕ್ಕೆ ಸೇರಿತ್ತು ಅಂತ ಹೆಂಗೆ ಹೇಳ್ತೀಯಾ? ನಾನು ಕಣ್ಣಲ್ಲಿ ಕಂಡಿದ್ದನ್ನ ಮಾತ್ರ ಬರೆಯೋಳು."

ಮರುದಿನ ಅವಳು ಬರುವ ಮೊದಲು ನಾನೇ ಐದನ್ನು ನಿಲ್ಲಿಸಿದೆ. ಹೆಸರು ಕೂಡ ಸರಿಯಾಗಿ ಓದಲಿಲ್ಲ. ಕಂಪ್ಯೂಟರು ಹಗುರಾಗಿ ಎದ್ದಿತು. ಅಕ್ಕ ಬಂದು ಪಟ್ಟಿ ನೋಡಿದಳು, ನೋಟುಬುಕ್ಕು ನೋಡಿದಳು, ಪರದೆಯ ಪಟ್ಟಿಯಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಅಲ್ಲಿ 'ಬೇಡ' ಎಂಬ ಗುರುತಿತ್ತು. ಅದು ತಾನಾಗಿ ಬರುವುದಿಲ್ಲ, ಯಾರಾದರೂ ಕೈಯಾರೆ ಹಾಕಬೇಕು.

"ಇದನ್ನ ನೀನು ನಿಲ್ಲಿಸಿದ್ಯಾ?"

"ಇಲ್ಲಕ್ಕ, ನಾನು ಮುಟ್ಟೇ ಇಲ್ಲ."

ಅವಳು ನನ್ನ ಮುಖವನ್ನು ನೋಡಿದಳು. "ಸರಿ ಬಿಡು" ಅಂದು ಏನೋ ಒತ್ತಿದಳು, ಏನೋ ಬರೆದುಕೊಂಡಳು. ನಾನು ಕಾಫಿ ತರಲು ಒಳಗೆ ಹೋದೆ.

ಕಳೆದ ಚಳಿಗಾಲದಲ್ಲಿ ಅಕ್ಕ ಎಳೆ ಕೂಡಿಸುತ್ತಲೇ ಮಗ್ಗದ ಮೇಲೆ ತಲೆಯಿಟ್ಟವಳು ಮತ್ತೆ ಏಳಲಿಲ್ಲ. ಮೊದಲು ನೋಡಿದವಳು ನಾನು. ನಿದ್ದೆ ಅಂದುಕೊಂಡು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದೆ. ಅವಳ ಎರಡು ಬೆರಳುಗಳ ನಡುವೆ ಹಸಿರು ಎಳೆಯೊಂದಿತ್ತು. ಅದರ ಒಂದು ತುದಿ ಹಳೆಯ ಹಾಸಿನ ಎಳೆಗೆ ಸೇರಿತ್ತು. ಇನ್ನೊಂದು ತುದಿ ಹಾಗೇ ಗಾಳಿಗೆ ಆಡುತ್ತಿತ್ತು.

ತಿಂಗಳು ಕಳೆಯುವುದರೊಳಗೆ ನನ್ನ ಕಂಪ್ಯೂಟರಿನ ಡಿಸ್ಕು ಸತ್ತಿತು. ಅಂದು ಹೆಸರು ಓದದೆ ನಿಲ್ಲಿಸಿದ ಐದು ನೆನಪಾದವು; ನಕಲು ಕಳಿಸುವುದೂ ಅವುಗಳಲ್ಲಿ ಇತ್ತೇನೋ. ಆಸೆಯಿಲ್ಲದೆ ಪುಟ್ಟ ಡಿಸ್ಕನ್ನು ತೆರೆದೆ. ಬಳ್ಳಿ, ಹಂಸ, ಮಾವಿನಕಾಯಿ, ಎಲ್ಲವೂ ಇದ್ದವು. ಹಿಂದಿನ ದಿನ ಬೆಳಿಗ್ಗೆಯವರೆಗಿನ ನಕಲು.

ಅಕ್ಕನ ತಂಗಿಯ ಹತ್ತಿರ ಆ ನೋಟುಬುಕ್ಕು ಕೇಳಿ ತಂದೆ. ನಾನು ಸುಳ್ಳು ಹೇಳಿದ ದಿನದ ಸಾಲು ಸಿಕ್ಕಿತು. ಕಂಡದ್ದನ್ನು ಬಿಟ್ಟು ಬೇರೇನೂ ಬರೆಯದ ಆ ಪುಸ್ತಕದಲ್ಲಿ ಅಕ್ಕ ಬರೆದಿದ್ದಳು: 'ನಕಲು ತೆಗೆಯೋದು. ತಾನೇ ನಿಂತಿತ್ತು. ಮತ್ತೆ ಶುರು ಮಾಡಿದೀನಿ.'

ಸಾಲಿನ ಪಕ್ಕದಲ್ಲಿ ಬೂದಿ ಬೆರಳಿನ ಗುರುತಿತ್ತು. ಅದನ್ನು ಮುಟ್ಟದ ಹಾಗೆ ಪೆನ್ಸಿಲ್ ಹಿಡಿದು ಅದರ ಕೆಳಗೆ ಬರೆದೆ: 'ನಾನೇ ನಿಲ್ಲಿಸಿದ್ದೆ, ಅಕ್ಕ.'